ಬಿಗಿಯಾದ ಸ್ಟಿಯರಿಂಗ್

ಕಾಶಿಯ ಮಠದಲ್ಲಿ ಅಮರಯ್ಯ ಡ್ರೈವರನಾಗಿ ಇಪ್ಪತ್ತೆಂಟು ವರ್ಷವಾಗಿತ್ತು. ಅದರಲ್ಲಿ ಇಪ್ಪತ್ತಾರು ವರ್ಷ ಹಳೆಯ ಅಂಬಾಸಿಡರ್ ಜೊತೆ ಕುಸ್ತಿ. ಆಮೇಲೆ ಭಕ್ತರೊಬ್ಬರು ಪವರ್ ಸ್ಟಿಯರಿಂಗಿನ ಹೊಸ ಕಾರು ಕೊಟ್ಟರು. ಒಂದೇ ಬೆರಳಿಗೆ ತಿರುಗುತ್ತಿತ್ತು. ಅಮರಯ್ಯ ಅದನ್ನು ಗುರುಕೃಪೆ ಎಂದುಕೊಂಡ. ಆ ಸ್ಟಿಯರಿಂಗಿಗೂ ಬೇರೆ ಎಣ್ಣೆ ಉಂಟು ಎಂದು ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಕೇಳುವುದೆಂದರೆ ಅವನಿಗೆ ಅವಮಾನ. ಹುಟ್ಟುಗುಣ ಸುಟ್ಟರೂ ಹೋಗದು. ಇಂಜಿನ್ ಆಯಿಲು, ಬ್ರೇಕ್ ಆಯಿಲು, ರೇಡಿಯೇಟರ್ ನೀರು, ಇಷ್ಟನ್ನು ತಾನೇ ನೋಡುತ್ತಿದ್ದ. ಬಾನೆಟ್ಟಿಗೆ ಬೇರೆಯವರ ಕೈ ಸೋಕಗೊಡುತ್ತಿರಲಿಲ್ಲ.

ಎರಡನೆಯ ವರ್ಷದ ಚಳಿಗಾಲದಲ್ಲಿ ಅವನ ಬಲಗೈ ಮೂರು ದಿನ ಜೋಮು ಹಿಡಿಯಿತು. ಹೆಂಡತಿ ಬಸಲಿಂಗಮ್ಮ ಎಣ್ಣೆ ತಿಕ್ಕಿದಳು. ಕೈ ಸರಿಹೋಯಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಬೇಸಿಗೆ ಹೊತ್ತಿಗೆ ಸ್ಟಿಯರಿಂಗ್ ದಿನದಿನಕ್ಕೆ ಬಿಗಿಯಾಗತೊಡಗಿತು. ತಿರುಗಿಸಿದಾಗ ಗುಂಯ್ ಎಂದು ನರಳುತ್ತಿತ್ತು. ಅವನು ಗಾಡಿಯನ್ನು ಅನುಮಾನಿಸಲಿಲ್ಲ, ತನ್ನ ಕೈಯನ್ನು ಅನುಮಾನಿಸಿದ.

ಒಂದು ಬೆಳಿಗ್ಗೆ ಭೇಲೂಪುರದ ತಿರುವಿನಲ್ಲಿ ಗಾಡಿ ಹೊರಳದೆ ಸೈಕಲ್ ರಿಕ್ಷಾಕ್ಕೆ ಗುದ್ದಿತು. ರಿಕ್ಷಾದವನ ಮೊಣಕಾಲು ತರಚಿತು. ಹಿಂದಿನ ಸೀಟಿನಲ್ಲಿ ಬಾಗಲಕೋಟೆಯ ಯಾತ್ರಿಕರ ಹಸುಗೂಸು ಕಿಟಾರನೆ ಕಿರುಚಿತು.

"ಚಾಚಾ, ಅಬ್ ಘರ್ ಬೈಠೋ," ಇನ್ನು ಮನೆಯಲ್ಲಿ ಕೂತುಬಿಡು, ಎಂದ ರಿಕ್ಷಾದವನು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಕನಿಕರದಿಂದ ಹೇಳಿದ್ದ.

ಮಠಕ್ಕೆ ಬಂದವನೇ ಅಮರಯ್ಯ ಯಾರನ್ನೂ ಕೇಳದೆ ಗದ್ದುಗೆಯ ಮೇಲೆ ಗಾಡಿಯ ಕೀಲಿ ಇಟ್ಟು ಅಡ್ಡಬಿದ್ದ. ಗುರುವಿನ ಗದ್ದುಗೆಗೆ ಒಪ್ಪಿಸಿದ್ದನ್ನು ಕೊಟ್ಟವರು ಮರಳಿ ಮುಟ್ಟುವ ಹಾಗಿಲ್ಲ, ಅದು ಮಠದ ಕಟ್ಟಳೆ. ಸ್ವಾಮಿಗಳು ಕೀಲಿಯನ್ನು ಮಠದಲ್ಲೇ ಕೆಲಸಕ್ಕಿದ್ದ ಹುಡುಗ ಕಾಶೀನಾಥನ ಕೈಗೆ ಕೊಟ್ಟರು. ಹಿತ್ತಲ ಕೋಣೆ ಡ್ರೈವರನದು. ಇನ್ನು ಅದೂ ಕಾಶೀನಾಥನಿಗೆ. ಬಸಲಿಂಗಮ್ಮ ಗಂಡನ ಕೈ ನೀವುತ್ತ, "ಜೀವಕ್ಕಿಂತ ಹೆಚ್ಚಿಂದು ಯಾವುದೈತಿ, ಬಿಡ್ರಿ," ಎಂದಳು. ಇಪ್ಪತ್ತೆಂಟು ವರ್ಷದ ಸಂಸಾರವನ್ನು ಎರಡು ಟ್ರಂಕಿಗೆ ತುಂಬಿದಳು. ಮುಧೋಳದಲ್ಲಿ ಅಮರಯ್ಯನ ತಮ್ಮನ ಮನೆಯಲ್ಲಿ ಇನ್ನು ಹಂಗಿನ ಊಟ.

ಹೊರಡುವ ದಿನ ಅವರನ್ನು ಕಂಟೋನ್ಮೆಂಟ್ ಸ್ಟೇಷನ್ನಿಗೆ ಬಿಡಲು ಕಾಶೀನಾಥ ಗಾಡಿ ತಂದ. ಬಸಲಿಂಗಮ್ಮ ಒಳಗೆ ಅಕ್ಕಪಕ್ಕದವರಿಗೆ ಹೋಗಿಬರುತ್ತೇನೆಂದು ಹೇಳುತ್ತಿದ್ದಳು.

"ಮಾವಾರ, ಈ ಸ್ಟಿಯರಿಂಗ್ ನನಗೂ ತಿರುಗವಲ್ದು," ಎಂದ ಕಾಶೀನಾಥ.

ಅಮರಯ್ಯ ಅವನ ತೋಳು ನೋಡಿದ. ಇಪ್ಪತ್ತಾರರ ಗಟ್ಟಿ ಹುಡುಗ, ಗರಡಿಮನೆಯ ರಟ್ಟೆ.

ಕಾಶೀನಾಥ ಬಾನೆಟ್ ಎತ್ತಿ ಮೂಲೆಯ ಸಣ್ಣ ಡಬ್ಬಿಯ ಮುಚ್ಚಳ ಬಿಚ್ಚಿದ. ಮುಚ್ಚಳಕ್ಕಂಟಿದ ಕಡ್ಡಿಯಲ್ಲಿ ಎರಡು ಗೆರೆಗಳು. ಕೆಳಗಿನ ಗೆರೆಯೂ ಒಣಗಿತ್ತು. ಪೈಪಿನ ಕ್ಲಿಪ್ ಸಡಿಲಾಗಿ ಎಣ್ಣೆಯೆಲ್ಲ ಜಿನುಗಿ ಹೋಗಿತ್ತು. ಅವನು ಕ್ಲಿಪ್ ಬಿಗಿದು, ಮೂಲೆಯಂಗಡಿಯಿಂದ ಸ್ಟಿಯರಿಂಗ್ ಎಣ್ಣೆ ತಂದು ನಿಧಾನಕ್ಕೆ ಸುರಿದ, ಕುಂಕುಮದ ನೀರಿನಂಥ ಕೆಂಪೆಣ್ಣೆ. ಇಂಜಿನ್ ಹಚ್ಚಿ ಸ್ಟಿಯರಿಂಗನ್ನು ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ತಿರುಗಿಸಿದ. ಮತ್ತೆ ಕಡ್ಡಿ ನೋಡಿ, ಮೇಲಿನ ಗೆರೆಯವರೆಗೆ ತುಂಬಿದ.

"ಈಗ ನೀವ ನೋಡ್ರಿ."

ಅಮರಯ್ಯ ಕಿಟಕಿಯಿಂದ ಕೈ ಹಾಕಿ ಬಲಗೈಯ ಒಂದು ಬೆರಳಿನಿಂದ ತಿರುಗಿಸಿದ. ಹಗುರವಾಗಿ ತಿರುಗಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಕೈಗೆ ಏನೂ ಆಗಿರಲಿಲ್ಲ.

ಕಾಶೀನಾಥನಿಗೂ ತಿಳಿಯಿತು. ಅವನ ಮುಖ ಕಪ್ಪಿಟ್ಟಿತು. "ಸ್ವಾಮಿಗೋಳಿಗೆ ಹೇಳೋಣ ನಡ್ರಿ. ನಾ ಕೀಲಿ ವಾಪಸ್ ಕೊಡ್ತೀನಿ."

"ಗದ್ದುಗಿಗೆ ಇಟ್ಟಿದ್ದನ್ನ ನಾ ಹೆಂಗ ಮುಟ್ಟಲಿ ತಮ್ಮಾ?"

ಒಳಗಿಂದ ಬಸಲಿಂಗಮ್ಮನ ಹೆಜ್ಜೆ ಕೇಳಿಸಿತು. ಅಮರಯ್ಯ ತಾನೇ ಬಾನೆಟ್ ಮುಚ್ಚಿ, ಹುಡುಗನ ಮುಂಗೈ ಗಟ್ಟಿಯಾಗಿ ಹಿಡಿದ.

"ಆಕಿಗೆ ಹೇಳಬ್ಯಾಡ. ನನ್ನ ಕೈ ಸೋತಿತ್ತು ಅಂತನ ಇರಲಿ."