ಓಬಳೆಪ್ಪ ಗಾಡಿ ನಿಲ್ಲಿಸಿದ್ದು

ಯಲಬುರ್ಗಾದ ಖಾಸಗಿ ಶಾಲೆಯೊಂದರ ಬಸ್ ಓಡಿಸುವ ಓಬಳೆಪ್ಪನಿಗೆ ಎರಡು ತಿಂಗಳಿಂದ ನಿದ್ದೆಯಿಲ್ಲ. ಒಂದು ದಿನ ಹತ್ತಿರದ ಮಂಗಳೂರೆಂಬ ಹಳ್ಳಿಯೊಳಗೆ ಚೆಂಡಿನ ಹಿಂದೆ ಓಡಿಬಂದ ಕೂಸೊಂದು ಅವನ ಬಸ್ಸಿನ ಚಕ್ರದಿಂದ ಗೇಣು ದೂರದಲ್ಲಿ ಉಳಿದಿತ್ತು. ಕೂಸಿಗೆ ಏನೂ ಆಗಲಿಲ್ಲ. ತಾಯಿ ಬಂದು ಅದಕ್ಕೇ ಎರಡೇಟು ಕೊಟ್ಟು ಎತ್ತಿಕೊಂಡು ಹೋದಳು. ಅಂದಿನಿಂದ ಓಬಳೆಪ್ಪ ದಿಂಬಿಗೆ ತಲೆಯಿಟ್ಟರೆ ಸಾಕು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಮೂರು ತಾಸು ಕಣ್ಣು ಮುಚ್ಚಿದರೆ ಅದೇ ಹೆಚ್ಚು. ಬಿ.ಪಿ. ಏರಿತು. ಸಾರಿಗೆ ಉಪ್ಪು ಕಮ್ಮಿಯಾಯಿತೆಂದು ಒಮ್ಮೆ ತಾಟನ್ನೇ ಎತ್ತಿ ಒಗೆದ. ಹಿಂದೆಂದೂ ಹಾಗೆ ಮಾಡಿದವನಲ್ಲ.

ಹೆಂಡತಿ ಕಸ್ತೂರೆಮ್ಮ ಹಟ ಹಿಡಿದು ಡಾಕ್ಟರ್ ಹಸೀನಾಬೇಗಂ ಬಳಿ ಕರೆದೊಯ್ದಳು.

“ಮೈಯಾಗ ಕಾರ್ಟಿಸೋಲ್ ಅಂತ ಒಂದು ಹಾರ್ಮೋನ್ ಇರ್ತೈತ್ರಿ,” ಎಂದರು ಡಾಕ್ಟರ್. “ಅದು ಮುಂಜಾನಿ ಏರಬೇಕು, ರಾತ್ರಿ ಇಳೀಬೇಕು. ನಿದ್ದಿ ಕೆಟ್ಟರ ಸಂಜಿಗೂ ಪೂರ್ತಿ ಇಳ್ಯಂಗಿಲ್ಲ. ಇಳೀಲಿಲ್ಲಂದ್ರ ನಿದ್ದಿ ಹತ್ತಂಗಿಲ್ಲ. ಸಂಜಿ ಚಾ ಬಿಡ್ರಿ, ದಿನಾ ಒಂದ ಹೊತ್ತಿಗೆ ಏಳ್ರಿ. ಸುಧಾರಿಸೋ ತನಕ ಗಾಡಿ ಮಾತ್ರ ಹೊಡೀಬ್ಯಾಡ್ರಿ.”

ಚಹಾ ಬಿಟ್ಟ. ಗಾಡಿ ಬಿಡಲಿಲ್ಲ. ಹದಿನೆಂಟು ವರ್ಷ ಸ್ಟೇರಿಂಗ್ ಹಿಡಿದವನು ನಿದ್ದೆಗೆ ಹೆದರಿ ಮನೆಯಲ್ಲಿ ಕೂತನೆಂದು ಜನ ನಕ್ಕಾರೆಂಬ ಅಂಜಿಕೆ ಅವನಿಗೆ. ಯಾರಿಗೂ ಹೇಳಕೂಡದೆಂದು ಹೆಂಡತಿಗೂ ತಾಕೀತು ಮಾಡಿದ.

ಮರುವಾರ ಒಂದು ಮುಂಜಾನೆ, ತುಂಬಿದ ಬಸ್ಸಿನಲ್ಲಿ ಆಯಾ ಚಾಂದಬೀ ಅವನ ಭುಜ ಹಿಡಿದು ಅಲುಗಾಡಿಸಿದಳು.

“ಏ ಓಬಳೆಪ್ಪ! ಮೂರು ಹುಡುಗ್ರು ಹಿಂದ ಉಳದಾವ. ಆಗಿಂದ ಒದರಾಕತ್ತೀನಿ, ಕಿವಿ ಕೇಳವಲ್ದೇನು?”

ಅವನು ಕನ್ನಡಿ ನೋಡಿದ. ಕಾಯುತ್ತಿದ್ದ ಮಕ್ಕಳನ್ನು ದಾಟಿ ಬಂದದ್ದಾಗಲಿ, ನಡುವಿನ ಹಳ್ಳದ ಸೇತುವೆಯಾಗಲಿ ನೆನಪಿಗೇ ಬರಲಿಲ್ಲ. ಕಣ್ಣು ತೆರೆದೇ ಇದ್ದವು. ಬಸ್ಸನ್ನು ರಸ್ತೆಯ ಬದಿಗೆ ನಿಲ್ಲಿಸಿ, ಕೀಲಿ ತೆಗೆದು ಚಾಂದಬೀ ಕೈಗಿಟ್ಟ. ಹೆಡ್‌ಮಾಸ್ತರ ಮುದಿಯಪ್ಪನವರಿಗೆ ಫೋನ್ ಹಚ್ಚಿದ.

“ಸರ, ಬ್ಯಾರೆ ಡ್ರೈವರ್‌ನ ಕಳಸ್ರಿ. ಎರಡು ತಿಂಗಳಿಂದ ನಂಗ ನಿದ್ದಿ ಇಲ್ರಿ.”

“ಎರಡು ತಿಂಗಳು ಮಕ್ಕಳನ್ನ ಹಿಂಗ ಹೊತ್ಕೊಂಡು ತಿರುಗಿದ್ಯೇನೋ?”

“ಹೌದ್ರಿ ಸರ. ಹಿಂದ ಮೂರು ಹುಡುಗ್ರು ಉಳದಾವ, ಅವರನ್ನೂ ಕರ್ಕೊಂಡು ಬರಾಕ ಹೇಳ್ರಿ,” ಎಂದ ಓಬಳೆಪ್ಪ.

ಕೆಲಸದಿಂದ ತೆಗೆಯಲಿಲ್ಲ, ಶಾಲೆಯ ಗೇಟು ಕಾಯಲು ಹಾಕಿದರು. ಕೆಲವು ತಂದೆತಾಯಿಗಳು ಇಂದಿಗೂ ಅವನ ಮುಖ ನೋಡದೆ ಒಳಗೆ ಹೋಗುತ್ತಾರೆ. ಈಗ ಒಮ್ಮೊಮ್ಮೆ ಐದು ತಾಸು ನಿದ್ದೆ ಹತ್ತುತ್ತದೆ, ಒಮ್ಮೊಮ್ಮೆ ಎರಡೇ. ಇದಕ್ಕೆ ಹೊತ್ತು ಹಿಡಿಯುತ್ತದೆ ಎಂದಿದ್ದಾರೆ ಡಾಕ್ಟರ್. ಹೊಸ ಡ್ರೈವರ್ ಬಸ್ ತಂದಾಗ ಓಬಳೆಪ್ಪ ಗೇಟು ತೆರೆದು, ಇಳಿಯುವ ಮಕ್ಕಳನ್ನು ಒಂದೊಂದಾಗಿ ಎಣಿಸುತ್ತಾನೆ.