ಹಸಿರು ವೃತ್ತದ ಮೇಲೊಂದು ಬೆರಳು

ಒಂದಾನೊಂದು ಕಾಲದಲ್ಲಿ ಒಬ್ಬ ರಾಕ್ಷಸನಿದ್ದ, ಎಷ್ಟು ದೊಡ್ಡವನೆಂದರೆ ಅವನ ಕಾಲಿಗೆ ಮುಳ್ಳು ಚುಚ್ಚಿದರೆ ಸುದ್ದಿ ತಲೆಗೆ ಮುಟ್ಟುವಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತಿತ್ತು — ರಿಂಗಾಗುತ್ತಿದೆ, ಅಲ್ಲಿ ಅಜ್ಜಿಯ ಫೋನು ಹೊಡೆದುಕೊಳ್ಳುತ್ತಿದೆ, ಇಲ್ಲಿ ಆಫೀಸಿನ ಮೆಟ್ಟಿಲ ತಿರುವಿನಲ್ಲಿ ಗೋಡೆಗೊರಗಿ ನಾನು ನಿಂತಿದ್ದೇನೆ, ಗೋಡೆ ತಣ್ಣಗಿದೆ, ಮೇಲಿನ ಮಹಡಿಯಲ್ಲಿ ಯಾರೋ ಕಾಫಿ ಯಂತ್ರವನ್ನು ಗುದ್ದುತ್ತಿದ್ದಾರೆ — ಎತ್ತಜ್ಜಿ, ಎತ್ತು, ನಾನು ಬರೆದ ಬದಲಾವಣೆ ಇವತ್ತು ಬೆಳಿಗ್ಗೆ ತಾನೇ ನಿನ್ನ ಫೋನಿಗೆ ಇಳಿದಿದೆ, ಕೆಲಸಕ್ಕೆ ಹೊರಟ ಚಿಕ್ಕಮ್ಮ ನೋಡಿ ಹೇಳಿದಳು, ಬಂದಿದೆ ಕಣೇ, ಇನ್ನು ನೀನುಂಟು ನಿನ್ನ ಅಜ್ಜಿಯುಂಟು. ಅಜ್ಜಿಯ ಬೆರಳು ಈಗ ಕರೆ ಎತ್ತುವ ಹಸಿರು ವೃತ್ತದ ಮೇಲೆ ಬಂದಿರಬೇಕು, ಎಲೆಯ ತುದಿಯ ಹನಿಯಂತೆ ನಡುಗುತ್ತಾ, ಬೀಳಲೋ ಬೇಡವೋ ಎಂದು. ಹಳೆಯ ಫೋನಿಗೆ ಗುಂಡಿಗಳಿದ್ದವು, ನಡುಗುವ ಬೆರಳನ್ನೇ ಊರಿ ಒತ್ತಿದರೂ ಸಾಕಾಗುತ್ತಿತ್ತು, ಆ ಗುಂಡಿಗಳನ್ನು ಕಿತ್ತು ನುಣುಪು ಗಾಜು ಹಾಸಿದ್ದು ನಮ್ಮ ಕಂಪನಿಯೇ, ಲೋಕವೆಲ್ಲ ಬೆರಗಾಯಿತಂತೆ, ಗಾಜಿಗೆ ಮಾತ್ರ ಅಜ್ಜಿಯ ಬೆರಳು ಬೆರಳೇ ಅಲ್ಲ, ಯಾರೋ ಬಟ್ಟೆಯಲ್ಲಿ ಒರೆಸಿದರು ಎಂದುಕೊಂಡು ಸುಮ್ಮನಿರುತ್ತದೆ. ಅವತ್ತು ಬಚ್ಚಲ ಬಾಗಿಲಲ್ಲಿ ಬಿದ್ದವಳ ಕೈಯಲ್ಲೇ ಫೋನಿತ್ತು, ಕರೆ ಮಾಡುತ್ತಿದ್ದವಳು ನಾನೇ, ಮತ್ತೆ ಮತ್ತೆ, ಮಲಗಿರಬೇಕು ಎಂದುಕೊಂಡು ಊಟಕ್ಕೆ ಹೋದೆನಲ್ಲ, ಸಂಜೆ ಚಿಕ್ಕಮ್ಮ ಬಂದು ಬಾಗಿಲು ತೆಗೆಯುವವರೆಗೂ ಅವಳು ತಣ್ಣನೆಯ ನೆಲದ ಮೇಲೆ, ನಿನ್ನ ಹೆಸರು ಕಾಣ್ತಿತ್ತು ಮಗಳೇ, ಹಸಿರು ಉಜ್ಜೀ ಉಜ್ಜೀ ಸಾಕಾಯ್ತು, ಹಾಳಾದ್ದು ನಿಮ್ಮ ಕಂಪನಿದೇ ಅಲ್ವೇನೇ, ನನ್ನ ಬೆರಳಿನ ಗುರುತು ಅದಕ್ಕೆ ಹೇಳಿಕೊಡೋಕಾಗಲ್ವಾ? ಆಗುತ್ತಜ್ಜಿ, ಮಾಡೇ ಮಾಡ್ತೀನಿ. ಎಷ್ಟು ಸಲೀಸಾಗಿ ಮಾತು ಕೊಟ್ಟೆ. ಕೆಲಸವೂ ಸಲೀಸೇ — ಗಾಜು ಒಂದು ಚೂರು ಕಾಯಬೇಕು, ಅದುರುವುದೆಲ್ಲ ಒಂದೇ ಬೆರಳು ಎಂದು ತಿಳಿಯಬೇಕು, ಅಷ್ಟೇ, ಕೋಡ್ ಬರೆದು ಮುಗಿಸಲು ನನಗೆ ಒಂದು ವಾರವೂ ಹಿಡಿಯಲಿಲ್ಲ. ಆಮೇಲೆ ಒಪ್ಪಿಗೆ. ಒಂದೊಂದು ತಂಡವೂ ಒಂದೊಂದು ಹಸಿರು ಗುರುತು ಹಾಕಬೇಕು, ಮುಳ್ಳಿನ ಸುದ್ದಿ ಪಾದದಿಂದ ಮೊಣಕಾಲಿಗೆ, ಮೊಣಕಾಲು ಹೇಳಿತಂತೆ ಸೊಂಟವನ್ನು ಕೇಳು, ಸೊಂಟ ಹೇಳಿತಂತೆ ಹೊಕ್ಕುಳನ್ನು ಕೇಳು, ಹೊಕ್ಕುಳಿಗೆ ನಿದ್ದೆ — ಕತೆ ಹೇಳುತ್ತಾ ಅಜ್ಜಿ ಆಕಳಿಸಿ ತೋರಿಸುತ್ತಿದ್ದಳು, ಅಲ್ಲೇ ನನಗೂ ನಿದ್ದೆ ಬರುತ್ತಿತ್ತು, ರಾಕ್ಷಸ ಕೊನೆಗೆ ಏನಾದನೋ ಇವತ್ತಿಗೂ ಗೊತ್ತಿಲ್ಲ.

ಇನ್ನೂ ರಿಂಗಾಗುತ್ತಿದೆ. ಎಲ್ಲರೂ ಹಸಿರು ಹಾಕಿದರು, ಗಾಜಿನ ತಂಡವೊಂದು ಬಿಟ್ಟು, ಅವರಿಗೆ ಬರೆದೆ, ಉತ್ತರವಿಲ್ಲ, ಮತ್ತೆ ಬರೆದೆ, ನಮ್ಮ ಬಾಸ್ ವಾರವಾರವೂ ಮೇಜು ಕುಟ್ಟುತ್ತಿದ್ದರು, ಅವರಿಂದ ಬಂತೇನಮ್ಮಾ, ಇಲ್ಲ ಸರ್, ಎಂಥ ಸೋಮಾರಿಗಳಪ್ಪಾ, ನನ್ನ ಕೈಕೆಳಗಿದ್ದಿದ್ರೆ ಒಂದು ಕೈ ನೋಡ್ಕೊಳ್ತಿದ್ದೆ! ಪಕ್ಕದ ಕುರ್ಚಿಯ ಮುತ್ತಜ್ಜ — ಮುತ್ತಜ್ಜನಿಗೆ ನಲವತ್ತೂ ದಾಟಿಲ್ಲ, ಕಂಪನಿ ಒಂದೇ ಕೋಣೆಯಲ್ಲಿದ್ದಾಗ ಸೇರಿದ್ದಕ್ಕೆ ಆ ಹೆಸರು — ಆಗೆಲ್ಲ ಬೆಳಿಗ್ಗೆ ತಲೆಗೆ ಹೊಳೆದದ್ದು ಸಂಜೆಗೆ ಫೋನಲ್ಲಿರ್ತಿತ್ತು ಕಣೇ, ಈಗ ತಲೆಗೆ ಹೊಳೆಯೋಕೂ ಪರ್ಮಿಷನ್ ಬೇಕು, ಎಂದು ನಗುತ್ತಿದ್ದವನು ಹೋದ ವಾರದ ಮೀಟಿಂಗಿನಲ್ಲಿ ಗಾಜಿನ ತಂಡದ ಹೆಸರು ಕಿವಿಗೆ ಬಿದ್ದೊಡನೆ ನೆಟ್ಟಗೆ ಕೂತ, ಸರ್, ಆ ತಂಡಾನ ಮುಚ್ಚಿ ವರ್ಷವಾಯ್ತಲ್ಲ, ಅವರ ಕೆಲಸ ಪೂರ್ತಿ ನಿಮ್ಮ ತಲೆಗೇ ಕಟ್ಟಿದ್ರಲ್ಲ, ಆ ಹಸಿರು ಹಾಕಬೇಕಾದವರು ನೀವೇ. ಬಾಸ್ ತಮ್ಮ ಕಂಪ್ಯೂಟರಿನಲ್ಲಿ ಹುಡುಕಿದರು, ಆ ತಂಡದ ಅಂಚೆಪೆಟ್ಟಿಗೆ ಇತ್ತು, ನನ್ನ ಅಷ್ಟೂ ಪತ್ರಗಳು ಅಲ್ಲೇ, ಬಿಚ್ಚದೆ. ಹಾಗಾದ್ರೆ ಇಷ್ಟು ದಿನ ನಾನು ಬೈತಿದ್ದದ್ದು ಯಾರನ್ನ? ಮುತ್ತಜ್ಜ ಕೆಮ್ಮಿದ. ನಾನಾದರೂ ಕೇಳಬಾರದಿತ್ತೇ, ಆ ತಂಡದವರ ಒಂದು ಮುಖವನ್ನೂ ನೋಡಿಲ್ಲವಲ್ಲ ಎಂದು, ನಾನೂ ಒಂದು ಮೊಣಕಾಲೇ. ಬಾಸಿನ ಬೆರಳು ಹಸಿರಿನ ಮೇಲೆ ಹೋಗಿ ನಿಂತಿತು, ಇಳಿಯಲಿಲ್ಲ, ಕೋಟ್ಯಂತರ ಫೋನಮ್ಮಾ, ಎಲ್ಲಾದರೂ ಕೆಟ್ಟರೆ ನನ್ನ ತಲೆ ಹೋಗುತ್ತೆ, ಸುಮ್ಮನಿದ್ದರೆ ಯಾರ ತಲೆಯೂ ಹೋಗಲ್ಲ — ಒಬ್ಬರದ್ದು ಹೋಗುತ್ತೆ ಸರ್, ಎಂದೆ, ನನ್ನ ದನಿ ನನಗೇ ಹೊಸದು, ನಮ್ಮಜ್ಜಿ ಮತ್ತೆ ಬಿದ್ದರೆ. ಆಗ ಕಂಡೆ, ಅವರ ಬೆರಳೂ ನಡುಗುತ್ತಿತ್ತು, ಅಷ್ಟು ದೊಡ್ಡ ಮೈಯ ತುತ್ತತುದಿಯಲ್ಲಿ ಅಷ್ಟು ಚಿಕ್ಕ ಹೆದರಿಕೆ. ಮೊದಲು ನಮ್ಮ ನಮ್ಮ ಮನೆಯವರ ಫೋನಿಗೆ ಬಿಡೋಣ, ಎಂದರು, ಒತ್ತಿದರು.

ಈಗ ಇಷ್ಟೇ, ಅವಳು ಎತ್ತಬೇಕು, ಎತ್ತದಿದ್ದರೆ ಗಾಜು ಕಾಯಲಿಲ್ಲವೋ, ಅವಳು ಬಿದ್ದಿದ್ದಾಳೋ, ಬಚ್ಚಲ ಬಾಗಿಲು, ತಣ್ಣನೆಯ ನೆಲ, ಇಲ್ಲ, ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಾಳೆ, ಕನ್ನಡಕ ಹುಡುಕುತ್ತಿದ್ದಾಳೆ, ನನ್ನ ಹೆಸರು ಕಂಡಿದೆ, ಇನ್ನೊಂದು ರಿಂಗು, ಮೇಲೆ ಕಾಫಿ ಯಂತ್ರ ಸುಮ್ಮನಾಯಿತು, ಇನ್ನೊಂದು, ಇದೇ ಕೊನೆಯದೇನೋ, ಕಾಯಿ ಗಾಜೇ, ಒಂದು ಚೂರು ಕಾಯಿ, ಅದು ಒಂದೇ ಬೆರಳು — ರಿಂಗು ನಿಂತಿತು, ಕಡಿದುಹೋಯಿತೇ, ಇಲ್ಲ, ಉಸಿರಿದೆ, ಆ ಕಡೆ ಉಸಿರಿದೆ, ಹಲೋ, ಯಾರೇ ಅದು, ನಾನೇ ಎತ್ತಿದೆ ಕಣೇ, ಒಂದೇ ಸಲಕ್ಕೆ, ಕೇಳಿಸ್ತಾ? ಕೇಳಿಸುತ್ತಿದೆ ಅಜ್ಜಿ, ಗಾಜು, ಗಾಜಿನ ಮೇಲೆ ಹಸಿರು, ಹಸಿರಿನ ಮೇಲೆ ಅವಳ ಬೆರಳು, ನಡುಗುತ್ತಾ, ಊರಿಕೊಂಡು.