ಹೆಸರಿಗೊಂದು ಚಪ್ಪಾಳೆ

ಪ್ರತಿ ವರ್ಷ ಫುಟ್‌ಬಾಲ್ ಲೀಗಿನ ಮೊದಲ ಪಂದ್ಯದ ದಿನ, ಆಟಗಾರರು ಮೈದಾನಕ್ಕಿಳಿದು ಸಾಲಾಗಿ ನಿಂತ ಮೇಲೆ, ಹಿಂದಿನ ವರ್ಷ ತೀರಿಕೊಂಡವರ ಪಟ್ಟಿಯನ್ನು ಮೈಕಿನಲ್ಲಿ ಓದುವುದು ಆ ಕ್ಲಬ್ಬಿನ ರೂಢಿ. ಓದುವುದು ರಿಜಿಸ್ಟರಿನಲ್ಲಿರುವ ಹೆಸರನ್ನಲ್ಲ, ಗ್ಯಾಲರಿ ಪ್ರೀತಿಯಿಂದ ಇಟ್ಟ ಅಡ್ಡಹೆಸರನ್ನು. ಒಂದು ಹೆಸರು, ಇಡೀ ಗ್ಯಾಲರಿಯದು ಒಂದೇ ಚಪ್ಪಾಳೆ. ಇನ್ನೊಂದು ಹೆಸರು, ಇನ್ನೊಂದು ಚಪ್ಪಾಳೆ. ಮಂತ್ರಿಯಾಗಿದ್ದವನು ಸತ್ತಿರಲಿ, ಮೈದಾನದ ಹುಲ್ಲು ಕತ್ತರಿಸುತ್ತಿದ್ದವನು ಸತ್ತಿರಲಿ, ಎರಡನೆಯ ಸಲ ಯಾರೂ ಕೈ ತಟ್ಟುವುದಿಲ್ಲ.

ಇಪ್ಪತ್ತಾರು ವರ್ಷದಿಂದ ಅದನ್ನು ಓದುತ್ತಿದ್ದವನಿಗೂ ಗ್ಯಾಲರಿ ಒಂದು ಹೆಸರಿಟ್ಟಿತ್ತು: ಮೈಕಣ್ಣ. ಓದುವುದು ಎಂದರೆ ಬಾಯಿಮಾತಿಗೆ. ಕಾಗದ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಅವನ ತಾಯಿಗೆ ಅಕ್ಷರ ಬರುತ್ತಿರಲಿಲ್ಲ, ನೂರಾರು ಪದ್ಯ ಬರುತ್ತಿದ್ದವು. ಪಾತ್ರೆ ತೊಳೆಯುತ್ತ, ಬಟ್ಟೆ ಮಡಿಸುತ್ತ ಹೇಳಿಕೊಳ್ಳುತ್ತಿದ್ದಳು. ನಡುವೆ ಒಂದು ಸಾಲು ತಪ್ಪಿತೋ, ತಿದ್ದಿಕೊಂಡು ಮುಂದೆ ಹೋಗುವವಳಲ್ಲ. ದೇವರಿಗೆ ಅರ್ಧಂಬರ್ಧ ಹೇಳಬಾರದು ಎಂದು ಮತ್ತೆ ಮೊದಲಿಂದ ಶುರುಮಾಡುವಳು. ಅವಳ ಸೆರಗಿನ ಅಂಚಿನಲ್ಲಿ ಕೂತು ಕೇಳಿ ಬೆಳೆದ ಮಗ ಪಟ್ಟಿಯನ್ನೂ ಹಾಗೆಯೇ ಕಲಿಯುತ್ತಿದ್ದ. ಯಾರದಾದರೂ ಸಾವಿನ ಸುದ್ದಿ ಬಂದ ದಿನವೇ ಆ ಹೆಸರನ್ನು ಹಿಂದಿನ ಹೆಸರುಗಳ ಪಕ್ಕಕ್ಕೆ ಸೇರಿಸಿಕೊಳ್ಳುವನು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ದಿನಾ ಒಂದು ಸಲ ಹೇಳಿಕೊಳ್ಳುವನು. ಲೀಗ್ ಶುರುವಾಗುವ ಹೊತ್ತಿಗೆ ಪಟ್ಟಿ ಪದ್ಯವಾಗಿರುತ್ತಿತ್ತು.

ಈ ವರ್ಷದ್ದು ಐದು ಹೆಸರು. ಗೋಡೆ. ಅರ್ಧ ಟಿಕೆಟ್. ಹಾಲಿನ ಮಾವ. ಸೂಜಿ. ದೊಡ್ಡ ಶಿಳ್ಳೆ.

ಪಂದ್ಯಕ್ಕೆ ಐದು ದಿನ ಇರುವಾಗ ಲೀಗಿನ ಪ್ರಸಾರದ ಮೇಡಂ ಮೈಕಿನ ಕೋಣೆಗೆ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಎರಡು ಪೇಪರ್ ಲೋಟ ಕಾಫಿ.

“ನೀವು ಕಾಫಿ ತಂದ್ರೆ ನಂಗೆ ಭಯ ಮೇಡಂ,” ಎಂದ ಮೈಕಣ್ಣ. “ಹೋದ ಸಲ ತಂದಾಗ ಸಂಜೆ ಪಂದ್ಯನೆಲ್ಲ ಮಟಮಟ ಮಧ್ಯಾಹ್ನಕ್ಕೆ ಮಾಡಿದ್ರಿ.”

ಅವಳು ನಗಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಇಲ್ಲಿ ನೆತ್ತಿ ಸುಡುವಾಗ, ಲೀಗಿನ ಪಂದ್ಯಗಳನ್ನು ಹಣ ಕೊಟ್ಟು ತೋರಿಸುವ ಒಂದು ಹೊರದೇಶದಲ್ಲಿ ಜನ ಊಟ ಮುಗಿಸಿ ಟೀವಿ ಮುಂದೆ ಕೂರುವ ಸಮಯ. ಅದಕ್ಕಾಗಿಯೇ ಪಂದ್ಯದ ಹೊತ್ತು ಬದಲಾಗಿತ್ತು. ಲೀಗಿಗೆ ಬರುವ ಹಣದ ಹತ್ತು ಪಾಲಿನಲ್ಲಿ ಆರು ಪಾಲು ಅಲ್ಲಿಯ ಒಂದೇ ಚಾನೆಲ್ಲಿನಿಂದ ಬರುತ್ತಿತ್ತು. ಚಾನೆಲ್ ಅಂದರೆ ಅಲ್ಲಿಯ ಸರ್ಕಾರವೇ. ಗೆರೆಯ ಪಕ್ಕದ ಜಾಹೀರಾತು ಫಲಕಗಳೂ ಅಲ್ಲಿಯ ಲಿಪಿಯಲ್ಲಿದ್ದವು. ಅವು ಮಾರುವುದು ಹಾಲಿನ ಪುಡಿಯೋ ಸಿಮೆಂಟೋ ಎಂದು ಗ್ಯಾಲರಿಯಲ್ಲಿ ಹಲವು ವರ್ಷದಿಂದ ವಾದ ನಡೆದಿತ್ತು.

“ಸರ್, ಈ ವರ್ಷ ಸೂಜಿ ಹೆಸರು ಓದೋದು ಬೇಡ.”

ಮೈಕಣ್ಣ ಲೋಟವನ್ನು ಮೇಜಿನ ಮೇಲಿಟ್ಟ.

ಸೂಜಿ ಆ ದೇಶದವನು. ಹನ್ನೆರಡು ವರ್ಷದ ಹಿಂದೆ ಈ ಕ್ಲಬ್ಬಿಗೆ ಆಡಲು ಬಂದ ಸಣಕಲು ಹುಡುಗ. ಇಬ್ಬರ ನಡುವೆ ಗೇಣು ಜಾಗವಿದ್ದರೆ ಚೆಂಡನ್ನು ತೂರಿಸಿಬಿಡುತ್ತಿದ್ದ, ಅದಕ್ಕೇ ಆ ಹೆಸರು. ಬಂದಾಗ ಇಲ್ಲಿಯ ಮಾತು ಒಂದಕ್ಷರ ಬರುತ್ತಿರಲಿಲ್ಲ. ಅಭ್ಯಾಸ ಮುಗಿಸಿ ಈ ಕೋಣೆಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮೈಕಣ್ಣ ಹೇಳಿದ್ದನ್ನೆಲ್ಲ ಗುಣುಗುಣು ಅನ್ನುತ್ತಿದ್ದ. ಮೈಕಣ್ಣನ ತಾಯಿಯ ಎರಡು ಪದ್ಯವೂ ಅವನಿಗೆ ಬಾಯಿಪಾಠವಾಗಿತ್ತು, ಅರ್ಥ ಮಾತ್ರ ಗೊತ್ತಿರಲಿಲ್ಲ. ಮೈಕಿನಿಂದಲೇ ಮಾತು ಕಲಿತದ್ದರಿಂದ ತರಕಾರಿ ಅಂಗಡಿಯಲ್ಲೂ ಅದೇ ಧಾಟಿ: “ದಯವಿಟ್ಟು ಗಮನಿಸಿ. ಎರಡು ಕೆಜಿ ಟೊಮೆಟೊ.” ಅಂಗಡಿಯಾಕೆ ನಕ್ಕು ನಕ್ಕು ಒಂದು ಹಿಡಿ ಜಾಸ್ತಿಯೇ ಹಾಕುತ್ತಿದ್ದಳಂತೆ.

ಆಟ ಬಿಟ್ಟು ತನ್ನ ದೇಶಕ್ಕೆ ಹೋದ ಮೇಲೆ ಅವನು ಒಂದು ಕಾಗದಕ್ಕೆ ಸಹಿ ಹಾಕಿದ. ಕಾರಣ ಹೇಳದೆ ಹಿಡಿದುಕೊಂಡು ಹೋದ ಇಪ್ಪತ್ತು ಮಂದಿ ಮೇಷ್ಟ್ರುಗಳನ್ನು ಮನೆಗೆ ಕಳಿಸಿ ಎಂಬ ಕಾಗದ. ಇಪ್ಪತ್ತೊಂದನೆಯವನಾಗಿ ಅವನೇ ಒಳಗೆ ಹೋದ. ಎಂಟು ತಿಂಗಳ ಹಿಂದೆ ಜೈಲಿನಲ್ಲಿ ಸತ್ತ. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು, ಗ್ಯಾಲರಿಗೆಲ್ಲ ಗೊತ್ತಾಗಿತ್ತು.

“ಸತ್ತವನ ಹೆಸರು ಹೇಳಿದ್ರೆ ಅಷ್ಟು ದೊಡ್ಡ ಸರ್ಕಾರಕ್ಕೆ ಏನಾಗುತ್ತೆ ಮೇಡಂ?”

“ಸರ್ಕಾರಕ್ಕೆ ಏನೂ ಆಗಲ್ಲ ಸರ್. ನಮಗಾಗುತ್ತೆ.” ಅವಳು ಗಾಜಿನಾಚೆ ಖಾಲಿ ಗ್ಯಾಲರಿ ನೋಡುತ್ತ ಹೇಳಿದಳು. “ಮೂರು ವರ್ಷದ ಹಿಂದೆ ಯಾರೋ ಒಬ್ಬ ಆಟಗಾರ ಅವರಿಗೆ ಇಷ್ಟವಾಗದ ಒಂದು ಫೋಟೋ ಹಾಕಿದ್ದಕ್ಕೆ ಎರಡು ತಿಂಗಳು ಪ್ರಸಾರ ನಿಲ್ಸಿದ್ರು. ಆ ವರ್ಷ ಎರಡು ಕ್ಲಬ್ ಮುಚ್ಚಿಹೋಯ್ತು. ಈ ಸಲ ನಿಂತ್ರೆ ಯಾವುದನ್ನ ಮೊದಲು ಮುಚ್ಚೋದು ಅಂತ ಆಫೀಸಲ್ಲಿ ಬರೆದಿಟ್ಟಿದಾರೆ. ಮೊದಲು ಇರೋದು ಹೆಂಗಸರ ತಂಡ. ಹೆದರಿಸ್ತಾ ಇಲ್ಲ ಸರ್. ನಾನು ಕಣ್ಣಾರೆ ನೋಡಿದೀನಿ.”

ಹೆಂಗಸರ ತಂಡದ ಗೋಲ್‌ಕೀಪರ್ ಮೈಕಣ್ಣನ ಮಗಳು. ಚಪ್ಪಲಿ ಅಂಗಡಿಯ ಕೌಂಟರಿನಲ್ಲಿ ಆರು ವರ್ಷ ನಿಂತಿದ್ದವಳು. ಆಡುವುದಕ್ಕೇ ಸಂಬಳ ಕೊಡುತ್ತಾರೆ ಎಂದಾದ ಮೇಲೆ, ಹೋದ ವರ್ಷವಷ್ಟೇ ಆ ಕೆಲಸ ಬಿಟ್ಟಿದ್ದಳು.

“ನೀವೇನು ಮೇಡಂ, ನಿಮಗೆ ಸೂಜಿ ಗೊತ್ತಿರ್ಲಿಲ್ಲ.”

“ಗೊತ್ತಿರ್ಲಿಲ್ವಾ? ಕಾಲೇಜು ತಪ್ಪಿಸಿ ಬಂದು ಇದೇ ಗ್ಯಾಲರೀಲಿ ಗಂಟಲು ಹರ್ಕೊಂಡವಳು ಸರ್ ನಾನು.” ಅವಳ ಕಾಫಿ ಹಾಗೆಯೇ ಉಳಿದಿತ್ತು. “ಬೇರೆಯವರ ಕೈಲಿ ಹೇಳಿಸಬಹುದಿತ್ತು. ನಾನೇ ಬಂದೆ.”

ಅವಳು ಇಳಿದು ಹೋದ ಮೇಲೆ ಮೈಕಣ್ಣ ಎರಡು ಲೋಟವನ್ನೂ ಎತ್ತಿ ಬುಟ್ಟಿಗೆ ಹಾಕಿದ.

ಮಾರನೆಯ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ಇಸ್ತ್ರಿ ಮಾಡುತ್ತ, ಸೂಜಿಯನ್ನು ಬಿಟ್ಟು ಪಟ್ಟಿ ಹೇಳಿಕೊಂಡ. ಗೋಡೆ, ಅರ್ಧ ಟಿಕೆಟ್, ಹಾಲಿನ ಮಾವ, ದೊಡ್ಡ ಶಿಳ್ಳೆ. ಒಂದು ಮೆಟ್ಟಿಲು ಕಡಿಮೆಯಿದ್ದಲ್ಲಿ ಕಾಲಿಟ್ಟ ಹಾಗಾಯಿತು. ಮತ್ತೆ ಹೇಳಿದ. ಮೂರನೆಯ ಸಲ ಹೇಳುವಾಗ ಬಚ್ಚಲಿನಲ್ಲಿ ಗ್ಲೌಸು ತೊಳೆಯುತ್ತಿದ್ದ ಮಗಳು ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಚಿಕ್ಕಂದಿನಿಂದ ಅಪ್ಪನ ಪಟ್ಟಿಗೆ ಗೋಡೆಯಾಚೆಯಿಂದ ಚಪ್ಪಾಳೆ ತಟ್ಟಿ ಅಭ್ಯಾಸವಾದವಳು.

“ಅಪ್ಪಾ, ಒಂದು ಚಪ್ಪಾಳೆ ಕಮ್ಮಿ ಬಂತು.”

ಅವನು ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಎಲ್ಲ ಹೇಳಿದ. ತಂಡದ ಮಾತನ್ನು ಮುಚ್ಚಿಡೋಣ ಅಂದುಕೊಂಡಿದ್ದ, ಆಗಲಿಲ್ಲ. ಮಗಳ ಮುಂದೆ ಅವನಿಗೆ ಯಾವತ್ತೂ ಅರ್ಧ ಹೇಳಲು ಬಂದಿರಲಿಲ್ಲ.

ಮಗಳು ಗ್ಲೌಸನ್ನು ಹಿಂಡಿದಳು. ನೀರು ನೆಲಕ್ಕೆ ಬಿತ್ತು. ಬಟ್ಟೆ ತಂದು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

“ನಂಗೆ ಪೆನಾಲ್ಟಿ ತಡಿಯೋದು ಕಲಿಸಿದ್ದು ಅವನು,” ಎಂದಳು. “ಚೆಂಡು ನೋಡ್ಬೇಡ, ಸೊಂಟ ನೋಡು ಅಂತಿದ್ದ. ಅದನ್ನೂ ‘ದಯವಿಟ್ಟು ಗಮನಿಸಿ’ ಅಂದ್ಕೊಂಡೇ ಹೇಳ್ತಿದ್ದ.”

“ಹೂಂ.”

“ನಮ್ಮ ಟೀಮಲ್ಲಿ ಹತ್ತೊಂಬತ್ತು ಜನ ಇದೀವಿ ಅಪ್ಪಾ. ಒಬ್ಳು ಗಂಡನ್ನ ಬಿಟ್ಟು ಮಗು ಕರ್ಕೊಂಡು ಬಂದಿದಾಳೆ. ಇನ್ನೊಬ್ಳ ಸಂಬಳದಲ್ಲಿ ಅವಳ ತಂಗಿ ಓದ್ತಿದಾಳೆ.” ಒರೆಸಿದ ಬಟ್ಟೆಯನ್ನು ಮೂಲೆಗೆ ಎಸೆದಳು. “ಬಿಟ್ಬಿಡು. ನೀನು ಬಿಟ್ರೆ ನಂಗೆ ಬೇಜಾರಾಗುತ್ತೆ. ಆದ್ರೂ ಬಿಡು.”

“ಸರಿ ಮಗಾ.”

“ನನ್ನ ಮುಖ ನೋಡ್ಬೇಡ ಈಗ.”

ಅವನು ನೋಡಲಿಲ್ಲ. ಅಂಗಿಯ ತೋಳು ಮಡಿಸಿದ. ಉಳಿದ ದಿನಗಳಲ್ಲಿ ನಾಲ್ಕು ಹೆಸರನ್ನೇ ಹೇಳಿ ಹೇಳಿ ನಾಲಿಗೆಯನ್ನು ಪಳಗಿಸಿದ. ಬಸ್ಸಿನಲ್ಲಿ ಹೇಳಿದ, ಮೆಟ್ಟಿಲು ಹತ್ತುತ್ತ ಹೇಳಿದ. ಶನಿವಾರದ ಹೊತ್ತಿಗೆ ಪಟ್ಟಿ ಎಲ್ಲೂ ತಡೆಯದೆ ಸಾಗುತ್ತಿತ್ತು. ಅಷ್ಟು ಸಲೀಸಾಗಿ ಸಾಗಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಭಾನುವಾರ ಗ್ಯಾಲರಿ ತುಂಬಿತ್ತು. ತಲೆಯ ಮೇಲೆ ಪೇಪರು, ಕರವಸ್ತ್ರ, ಒಬ್ಬನಂತೂ ಬಕೆಟ್ಟು ಬೋರಲು ಹಾಕಿಕೊಂಡಿದ್ದ. ಮುಂದಿನ ಸಾಲಿನಲ್ಲಿ ಯಾವಾಗಲೂ ಕೂರುವ ಅಜ್ಜ ಊರುಗೋಲನ್ನು ತೊಡೆಯ ನಡುವೆ ಸಿಕ್ಕಿಸಿ ಎರಡೂ ಕೈ ಸಿದ್ಧ ಮಾಡಿಕೊಂಡ. ಪ್ರಸಾರದ ಮೇಡಂ ಮೈಕಿನ ಕೋಣೆಯ ಮೂಲೆಯಲ್ಲಿ ನಿಂತಿದ್ದಳು. ಆಟಗಾರರು ಸಾಲಾಗಿ ನಿಂತರು. ಕೆಂಪು ದೀಪ ಹತ್ತಿತು. ಮೈಕಣ್ಣ ಎಂದಿನಂತೆ ಕಣ್ಣು ಮುಚ್ಚಿದ.

“ಗೋಡೆ.”

ಮೈದಾನದ ನಾಲ್ಕೂ ಕಡೆಯಿಂದ ಒಂದೇ ಚಪ್ಪಾಳೆ ಎದ್ದಿತು.

“ಅರ್ಧ ಟಿಕೆಟ್.”

ಚಪ್ಪಾಳೆ.

“ಹಾಲಿನ ಮಾವ.”

ಚಪ್ಪಾಳೆ. ಮನೆಯಲ್ಲಿ, ಬಸ್ಸಿನಲ್ಲಿ ಹೇಳಿಕೊಂಡಾಗ ಈ ಚಪ್ಪಾಳೆಗಳಿರಲಿಲ್ಲ. ಇಪ್ಪತ್ತು ಸಾವಿರ ಕೈಗಳ ಆ ಸದ್ದು ಅವನನ್ನು ಎತ್ತಿ ಸೀದಾ ಹಳೆಯ ಪಟ್ಟಿಯೊಳಕ್ಕೆ ತಂದಿಳಿಸಿತು, ತಿಂಗಳುಗಟ್ಟಲೆ ಪ್ರಾರ್ಥನೆಯ ಬೆನ್ನಿಗೇ ಹೇಳಿಕೊಂಡಿದ್ದ ಐದು ಹೆಸರಿನ ಪಟ್ಟಿಯೊಳಕ್ಕೆ. ಮುಂದಿನದು ಹೇಳಬೇಕು, ದೊಡ್ಡ ಶಿಳ್ಳೆ. ಬಾಯಿ ತೆರೆಯಿತು. ನಾಲಿಗೆ ಎದ್ದೇಳಲಿಲ್ಲ. ಒಂದು ಹೆಸರು ಹೇಳಿ ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅದು ಸುಮ್ಮನೆ ಬಿದ್ದಿತ್ತು. ಸ್ಪೀಕರುಗಳಲ್ಲಿ ಕೋಣೆಯ ಫ್ಯಾನಿನ ಸದ್ದು ಮಾತ್ರ ಕೇಳಿತು.

ಆಗ ಕೆಳಗೆ ಮುಂದಿನ ಸಾಲಿನಲ್ಲಿ ಅಜ್ಜನ ಎರಡು ಕೈ ಕೂಡಿದವು. ಆ ಸದ್ದು ಪಕ್ಕದವರಿಗೆ ತಲುಪುವ ಮೊದಲೇ ಇಡೀ ಗ್ಯಾಲರಿ ಚಪ್ಪಾಳೆ ತಟ್ಟಿತು. ಒಂದೇ ಒಂದು. ಯಾರೂ ಕೂಗಲಿಲ್ಲ, ಯಾರೂ ಹೆಸರೆತ್ತಲಿಲ್ಲ.

“ದೊಡ್ಡ ಶಿಳ್ಳೆ,” ಎಂದ ಮೈಕಣ್ಣ.

ಚಪ್ಪಾಳೆ.

ಕೆಂಪು ದೀಪ ಆರಿತು. ಕಣ್ಣು ತೆರೆದಾಗ ಮೇಡಂ ಗಾಜಿನ ಕಡೆ ತಿರುಗಿ ನಿಂತಿದ್ದಳು. ಅವಳ ಎರಡೂ ಅಂಗೈ ಒಂದಕ್ಕೊಂದು ಅಂಟಿಕೊಂಡಿದ್ದವು.

ಬುಧವಾರ ಅವಳು ಮತ್ತೆ ಬಂದಳು. ಈ ಸಲ ಕಾಫಿ ಇರಲಿಲ್ಲ.

“ಅಲ್ಲಿಂದ ಕಾಗದ ಬಂದಿದೆ. ನಾಲ್ಕು ಹೆಸರಿಗೆ ಐದು ಚಪ್ಪಾಳೆ ಯಾಕೆ ಅಂತ ಕೇಳಿದಾರೆ.”

“ಎಣಿಸಿದಾರೆ,” ಎಂದ ಮೈಕಣ್ಣ.

“ಎಣಿಸೋಕಂತಲೇ ಜನ ಇಟ್ಟಿರ್ತಾರೆ ಸರ್. ಬೇಕಂತ ನಿಲ್ಸಿದ್ರಾ?”

“ಇಲ್ಲ ಮೇಡಂ. ಬೇಕಂತ ಮಾಡಿದ್ದು ಹೆಸರು ಬಿಟ್ಟಿದ್ದು. ನಿಂತಿದ್ದು ತಾನಾಗೇ ಆಗಿದ್ದು. ಅದರ ಪುಣ್ಯ ನಂಗೆ ಸೇರಲ್ಲ.”

“ಹಾಗಾದ್ರೆ ತಪ್ಪಾಯ್ತು ಅಂತ ಬರೀಲಾ?”

ಅವನು ಗಾಜಿನಾಚೆ ನೋಡಿದ. ಕೆಳಗೆ ಮೈದಾನಕ್ಕೆ ನೀರು ಹಾಯಿಸುತ್ತಿದ್ದರು.

“ಹೆಸರು ಬಿಟ್ಟಿದ್ದು ತಪ್ಪು ಅಂತ ಬರೀಬೇಕು. ಅದನ್ನ ಬರೆದ್ರೆ ತಂಡದ ಹೆಣ್ಮಕ್ಕಳು ಬೀದೀಗೆ ಬರ್ತಾರೆ. ವಯಸ್ಸಾಗಿದೆ, ಉಸಿರು ಸಾಲ್ದೆ ನಡುವೆ ನಿಲ್ಸಿದ ಅಂತ ಬರೀರಿ. ಅದಕ್ಕೆ ನಾನು ಸಹಿ ಹಾಕ್ತೀನಿ.”

“ಉಸಿರು ಸಾಲದವರ ಕೈಲಿ ಮೈಕ್ ಯಾಕೆ ಕೊಟ್ಟಿದೀರಿ ಅಂತ ಕೇಳ್ತಾರೆ ಸರ್.”

“ಕೇಳೇ ಕೇಳ್ತಾರೆ.” ಅವನು ಜೇಬಿನಿಂದ ಕೋಣೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. “ಅದಕ್ಕೂ ಉತ್ತರ ಬರೆದ್ಬಿಡಿ.”

ಮೇಡಂ ಬೀಗದ ಕೈ ಮುಟ್ಟಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ಸೂಜಿ ಕೂರುತ್ತಿದ್ದ ಅದೇ ಪ್ಲಾಸ್ಟಿಕ್ ಕುರ್ಚಿ. ಕಣ್ಣೊರೆಸಿಕೊಂಡಳು, ಆಮೇಲೆ, ಆಫೀಸಿನ ದನಿಯಲ್ಲೇ, “ಹೆಂಗಸರ ಪಂದ್ಯಕ್ಕೆ ಅನೌನ್ಸರ್ ಇಲ್ಲ,” ಎಂದಳು. “ಪ್ರಸಾರವೂ ಇಲ್ಲ. ಅದನ್ನ ಅಲ್ಲಿ ಯಾರೂ ಕೊಂಡಿಲ್ಲ. ಸಂಬಳ ಕೊಡೋಕಾಗಲ್ಲ ಸರ್.”

“ನಾನು ಕೇಳಿದ್ನಾ?”

ಮನೆಯಲ್ಲಿ ಮಗಳು ಸುದ್ದಿ ಕೇಳಿ ಊಟದ ತಟ್ಟೆ ದೂಡಿದಳು. “ನಮ್ಮಿಂದ ನಿನ್ನ ಮೈಕ್ ಹೋಯ್ತು.”

“ಹೋಗಿಲ್ಲ, ವರ್ಗ ಆಗಿದೆ. ಉಣ್ಣು. ಇನ್ಮೇಲೆ ನೀನು ಗೋಲು ಬಿಟ್ರೆ ಊರಿಗೆಲ್ಲ ಕೇಳೋ ಹಾಗೆ ಹೇಳೋನು ನಾನೇ.”

“ಊರಿಗೆಲ್ಲ ಅಂದ್ರೆ ಅರವತ್ತು ಜನ ಅಪ್ಪಾ. ಅದ್ರಲ್ಲಿ ಹತ್ತು ಜನ ಐಸ್‌ಕ್ರೀಮ್ ಮಾರೋರು.”

ಹೆಂಗಸರ ಮೊದಲ ಪಂದ್ಯ ಮುಂದಿನ ಶನಿವಾರ ಬೆಳಿಗ್ಗೆ, ಹಿಂದುಗಡೆಯ ಅಭ್ಯಾಸದ ಮೈದಾನದಲ್ಲಿ. ಫಲಕಗಳಿಲ್ಲ, ಕ್ಯಾಮೆರಾ ಇಲ್ಲ. ಮೈಕಣ್ಣನಿಗೆ ಕೋಣೆಯೂ ಇರಲಿಲ್ಲ. ಗೆರೆಯ ಪಕ್ಕ ಒಂದು ಮೇಜು, ಬ್ಯಾಟರಿಯ ಮೇಲೆ ಓಡುವ ಒಂದು ಸ್ಪೀಕರು. ಮಗಳ ಲೆಕ್ಕಕ್ಕಿಂತ ಜನ ಕಡಿಮೆಯೇ ಇದ್ದರು. ಊರುಗೋಲಿನ ಅಜ್ಜ ದಾರಿ ಕೇಳಿಕೊಂಡು ಬಂದು ಹುಲ್ಲಿನ ಮೇಲೆ ಕೂತಿದ್ದ. ಅವನ ಹಿಂದೆ, ಕಪ್ಪು ಕನ್ನಡಕ ಹಾಕಿಕೊಂಡು, ಕೆಲಸಕ್ಕೆ ರಜೆ ಹಾಕಿದವಳ ಹಾಗೆ ಮೇಡಂ.

ಹುಡುಗಿಯರು ಸಾಲಾಗಿ ನಿಂತರು. ಮೈಕಣ್ಣ ಕಣ್ಣು ಮುಚ್ಚಿ ಮೊದಲಿಂದ ಶುರುಮಾಡಿದ. ಗೋಡೆ. ಅಲ್ಲಿದ್ದ ಅರ್ಧದಷ್ಟು ಜನಕ್ಕೆ ರೂಢಿ ಗೊತ್ತಿರಲಿಲ್ಲ. ಚಪ್ಪಾಳೆ ಚದುರಿ ಬಂತು, ಯಾರದೋ ಎರಡು ಸಲ ಬಿತ್ತು. ಅರ್ಧ ಟಿಕೆಟ್. ಸ್ವಲ್ಪ ಸರಿಹೋಯಿತು. ಹಾಲಿನ ಮಾವ. ಮೈಕಣ್ಣ ಉಸಿರೆಳೆದುಕೊಂಡ.

“ದಯವಿಟ್ಟು ಗಮನಿಸಿ,” ಎಂದ. ಇಪ್ಪತ್ತಾರು ವರ್ಷದಲ್ಲಿ ಪಟ್ಟಿಯ ನಡುವೆ ಬೇರೆ ಮಾತು ಸೇರಿಸಿದ್ದು ಅದೇ ಮೊದಲು. “ಸೂಜಿ.”

ಎಲ್ಲರಿಗಿಂತ ಮೊದಲು ಬಂದದ್ದು ಸಾಲಿನ ಕೊನೆಯಿಂದ. ಗೋಲ್‌ಕೀಪರಿನ ದಪ್ಪ ಗ್ಲೌಸುಗಳಿಂದ ಚಪ್ಪಾಳೆ ಗಟ್ಟಿಯಾಗಿ ಬರುವುದಿಲ್ಲ; ದಿಂಬಿಗೆ ಗುದ್ದಿದ ಹಾಗೆ ಧಪ್ಪೆಂದಿತು. ಆ ಧಪ್ಪಿನ ಮೇಲೆ ಉಳಿದವರ ಕೈಗಳು ಬಂದು ಬಿದ್ದವು.

ಮೈಕಣ್ಣ ಕೊನೆಯ ಹೆಸರು ಹೇಳಿದ. ಪದ್ಯ ಎಲ್ಲೂ ತಪ್ಪಿರಲಿಲ್ಲ. ಮತ್ತೆ ಮೊದಲಿಂದ ಹೇಳಬೇಕಾಗಿರಲಿಲ್ಲ.